ಎಳೆತನದ ಏಟು, ಮೈಯೊಳಗಿನ ಇತಿಹಾಸ



ಸಂಘದ ವಾರ್ಷಿಕ ಸಂಚಿಕೆ ಅಂದರೆ ಮಹಾಡದ ಬಗ್ಗೆ ಬರೀತಾರ, ನಾಗಪುರದ ದೀಕ್ಷಾಭೂಮಿ ಬಗ್ಗೆ ಬರೀತಾರ, ಸಂವಿಧಾನದ ಬಗ್ಗೆ ಬರೀತಾರ. ಬರೆಯಬೇಕಾದದ್ದೇ. ಈ ಸಲ ನಾನು ಇನ್ನೊಂದು ಇತಿಹಾಸವನ್ನು ನಿಮ್ಮ ಮುಂದೆ ಇಡತೀನಿ. ಸಣ್ಣವರಿದ್ದಾಗ ತಿಂದ ಏಟು, ಪಟ್ಟ ಅವಮಾನ, ಕಂಡ ಭಯ ಇವು ನಲವತ್ತು ಐವತ್ತು ವರ್ಷ ದಾಟಿದ ಮೇಲೆ ಬಿಪಿ ಆಗಿ, ಶುಗರ್ ಆಗಿ, ಎದೆನೋವಾಗಿ, ಕುಡಿತವಾಗಿ ಹೊರಗೆ ಬರುತ್ತವೆ ಅನ್ನುವುದನ್ನು ವೈದ್ಯರು ಹೇಗೆ ಕಂಡುಕೊಂಡರು, ಅವರಿಗಿಂತ ಮೊದಲೇ ನಮ್ಮವರು ಅದನ್ನು ಹೇಗೆ ಬರೆದಿಟ್ಟಿದ್ದರು ಅನ್ನುವ ಇತಿಹಾಸ ಅದು.

ಇದನ್ನ ಈ ಸಂಚಿಕೆಗೆ ಯಾಕ ಬರೀಬೇಕು ಅಂತ ನೀವು ಕೇಳಬಹುದು. ನಮ್ಮ ಕೇರಿಯ ಬಗ್ಗೆ ಒಂದು ಮಾತು ಎಲ್ಲರ ಬಾಯಾಗೂ ಐತಿ: “ಅವರು ಕುಡೀತಾರ, ತಂಬಾಕ ತಿಂತಾರ, ಮೈ ನೋಡ್ಕೊಳ್ಳೂದಿಲ್ಲ, ಅದಕ್ಕ ಬೇಗ ಹೋಗ್ತಾರ.” ಊರವರು ಅಷ್ಟೇ ಅಲ್ಲ, ನಾವೂ ನಮ್ಮ ಹಿರಿಯರ ಬಗ್ಗೆ ಹೀಂಗ ಮಾತಾಡ್ತೀವಿ. ಇದು ಅರ್ಧ ಮಾತು. ಉಳಿದ ಅರ್ಧ ಏನು ಅನ್ನೋದನ್ನ ನೋಡೋಣ ಬರ್ರಿ.

ಮಸೂರ ಸ್ಟೇಷನ್ನಿನ ನಾಲ್ಕು ಹುಡುಗರು

1901ರ ಸುಮಾರು. ಸಾತಾರಾದಲ್ಲಿ ರಾಮಜೀ ಸಕ್ಪಾಳರ ಸಂಸಾರ. ತಾಯಿ ಭೀಮಾಬಾಯಿ ತೀರಿಕೊಂಡಿದ್ದರು. ಬರಗಾಲದ ಜನಕ್ಕೆ ಕೆಲಸ ಕೊಡಲು ಸರ್ಕಾರ ಖಟಾವ ತಾಲೂಕಿನ ಗೋರೆಗಾಂವದಲ್ಲಿ ಕೆರೆ ತೋಡಿಸುತ್ತಿತ್ತು. ಅಲ್ಲಿ ರಾಮಜೀ ಅವರಿಗೆ ಹಣ ಎಣಿಸಿ ಕೊಡುವ ಕ್ಯಾಶಿಯರ್ ಕೆಲಸ. ಬ್ಯಾಸಗಿ ಸೂಟಿಗೆ ಅಪ್ಪನ ಹತ್ತಿರ ಹೋಗಲು ನಾಲ್ಕು ಹುಡುಗರು ಹೊಸ ಬಟ್ಟೆ ತೊಟ್ಟು ರೈಲು ಹತ್ತಿದರು. ಒಂಬತ್ತು ವರ್ಷದ ಭೀಮರಾವ, ಅವರ ಅಣ್ಣ, ಅಕ್ಕನ ಇಬ್ಬರು ಮಕ್ಕಳು. ಮಸೂರ ಸ್ಟೇಷನ್ನಿನಲ್ಲಿ ಇಳಿದರೆ ಕರೆಯಲು ಯಾರೂ ಬಂದಿರಲಿಲ್ಲ, ಬರೆದ ಕಾಗದ ಅಪ್ಪನ ಕೈ ಸೇರಿರಲಿಲ್ಲ. ಮೊದಲು ಪ್ರೀತಿಯಿಂದ ಮಾತಾಡಿಸಿದ ಸ್ಟೇಷನ್ ಮಾಸ್ತರ, ಮಕ್ಕಳು ಮಹಾರರೆಂದು ತಿಳಿದ ಕೂಡಲೇ ಮುಖ ತಿರುಗಿಸಿ ಹೋದ. ಯಾವ ಚಕ್ಕಡಿಯವನೂ ಬರಲು ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಚಕ್ಕಡಿ ತಾವೇ ಹೊಡೆದುಕೊಂಡು, ಅದರ ಧಣಿ ಪಕ್ಕದಲ್ಲಿ ನಡೆದು ಬರುವ ಕರಾರಿನ ಮೇಲೆ ಹೊರಟರು.

ಬುತ್ತಿ ಜೊತೆಗಿತ್ತು. ನೀರು ಸಿಗಲಿಲ್ಲ. ನೀರಿಲ್ಲದೆ ಬುತ್ತಿ ಗಂಟಲಿಗೆ ಇಳಿಯಲಿಲ್ಲ. ರಾತ್ರಿ ಟೋಲ್ ನಾಕೆಯವನ ಹತ್ತಿರ ಉರ್ದುವಿನಲ್ಲಿ, ಮುಸಲ್ಮಾನರ ಹುಡುಗರೆಂದು ಹೇಳಿಕೊಂಡು ನೀರು ಕೇಳಿದರು. ಅವನೂ ಕೊಡಲಿಲ್ಲ. ಇಡೀ ರಾತ್ರಿ ಹಸಿವು, ನೀರಡಿಕೆ, ಕಳ್ಳರ ಹೆದರಿಕೆಯಲ್ಲೇ ಕಳೆದು ಮರುದಿನ ಅಪ್ಪನನ್ನು ಮುಟ್ಟಿದರು.

ಬಾಬಾಸಾಹೇಬರು ಇದನ್ನು ಬರೆದದ್ದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ. ಅಷ್ಟು ಹೊತ್ತಿಗೆ ಅವರು ಕೊಲಂಬಿಯಾ, ಲಂಡನ್ ಎರಡೂ ಕಡೆ ಡಾಕ್ಟರೇಟ್ ಪಡೆದಿದ್ದರು, ದುಂಡುಮೇಜಿನ ಪರಿಷತ್ತಿನಲ್ಲಿ ಮಾತಾಡಿ ಬಂದಿದ್ದರು. ಆದರೂ ಆ ರಾತ್ರಿಯ ಒಂದೊಂದು ವಿವರವೂ ನಿನ್ನೆ ಆದ ಹಾಗೆ ಅವರ ಬರಹದಲ್ಲಿದೆ. ಸಾಲಿಯಲ್ಲಿ ಬೇರೆಯಾಗಿ ಕೂಡಲು ಮನೆಯಿಂದ ಒಯ್ಯುತ್ತಿದ್ದ ಗೋಣಿತಟ್ಟು, ಜವಾನ ಬಂದು ನಳ ತಿರುಗಿಸದಿದ್ದರೆ ನೀರಿಲ್ಲದೆ ಕಳೆದ ದಿನ, ಇವೂ ಅದರಲ್ಲೇ ಇವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡ್ರಿ. ಆ ಹುಡುಗರು ಬಡವರಂತೆ ಹೊರಟಿರಲಿಲ್ಲ. ಮೈಮೇಲೆ ಹೊಸ ಬಟ್ಟೆ, ಕೈಯಲ್ಲಿ ರೊಕ್ಕ, ಚೀಲದಲ್ಲಿ ಬುತ್ತಿ ಇತ್ತು. ಇಷ್ಟಿದ್ದರೂ ನೀರು ಸಿಗಲಿಲ್ಲ. ಬಡತನ ಹೋದರೆ ಎಲ್ಲ ಸರಿಹೋಗ್ತದ ಅನ್ನುವವರಿಗೆ ಈ ಒಂದು ಪ್ರಸಂಗ ಸಾಕು.

ತಂತಿಬೇಲಿಯ ಒಳಗಿನ ಕೂಸುಗಳು

ಈಗ ನಮ್ಮ ಸೊಲ್ಲಾಪುರಕ್ಕೇ ಬರೋಣ. ಸೆಟಲ್ಮೆಂಟ್ ಅಂದರೆ ಇಲ್ಲಿಯ ಹಳಬರಿಗೆ ಬೇರೆ ಹೇಳಬೇಕಾಗಿಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿತು. 1911ರ ಕಾಯ್ದೆಯ ನಂತರ ಮುಂಬಯಿ ಪ್ರಾಂತದಲ್ಲಿ ವಸಾಹತುಗಳು ಎದ್ದವು. ಸೊಲ್ಲಾಪುರ, ವಿಜಾಪುರ, ಗದಗ, ಹುಬ್ಬಳ್ಳಿ ಹೀಗೆ ಮರಾಠಿ ಸೀಮೆ, ಕನ್ನಡ ಸೀಮೆ ಎರಡರಲ್ಲೂ ಇದ್ದವು. ಕೈಕಾಡಿ, ಪಾರ್ಧಿ, ಕಂಜರಭಾಟ ಮುಂತಾದವರನ್ನು ಸಂಸಾರ ಸಮೇತ ತಂತಿಬೇಲಿಯೊಳಗೆ ಇಟ್ಟು, ಹಾಜರಿ ಹಾಕಿಸಿ, ದೊಡ್ಡವರನ್ನು ಮಿಲ್ಲಿನ ಕೆಲಸಕ್ಕೆ ಕಳಿಸುತ್ತಿದ್ದರು.

ಮಕ್ಕಳ ಗತಿ ಏನು? 1897ರ ತಿದ್ದುಪಡಿಯಲ್ಲೇ ನಾಲ್ಕರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಸುಧಾರಣೆಯ ವಸಾಹತಿನಲ್ಲಿ ಇಡುವ ಅಧಿಕಾರವನ್ನು ಸರ್ಕಾರ ತಗೊಂಡಿತ್ತು. ನಾಲ್ಕು ವರ್ಷದ ಕೂಸಿಗೆ ಅವ್ವನ ಮಡಿಲೇ ಜಗತ್ತು. ಆ ಮಡಿಲನ್ನೇ ಕೆಡುಕಿನ ಬೇರು ಎಂದು ಕಾಯ್ದೆ ಬರೆಯಿತು. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ಆ ದಿನವನ್ನೇ ಇವತ್ತು ವಿಮುಕ್ತ ದಿನ ಎಂದು ಆಚರಿಸುತ್ತೇವೆ. ಬೇಲಿ ಹೋಯಿತು ಖರೆ. ಬೇಲಿಯೊಳಗೆ ಬೆಳೆದ ಕೂಸು ಹೆದರಿಕೆಯನ್ನು ಮೈಯಲ್ಲೇ ಹೊತ್ತುಕೊಂಡು ಹೊರಗೆ ಬಂತು. ಪೊಲೀಸ್ ಗಾಡಿಯ ಸದ್ದಿಗೆ ಎದೆ ಡವಗುಟ್ಟುವುದು ಕಾಯ್ದೆ ರದ್ದಾದ ಕೂಡಲೇ ನಿಲ್ಲೋದಿಲ್ಲ.

ಇಂಥ ಎಳೆತನದ ಕತೆಯನ್ನು ಡಾಕ್ಟರರು ಕೇಳುವ ಮೊದಲೇ ನಮ್ಮ ಬರಹಗಾರರು ಬರೆದಿದ್ದರು. ದಯಾ ಪವಾರರ ‘ಬಲುತ’ 1978ರಲ್ಲಿ ಬಂತು. ಲಕ್ಷ್ಮಣ ಮಾನೆಯವರ ‘ಉಪರಾ’ 1980ರಲ್ಲಿ ಬಂತು. ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ 1956ರಲ್ಲಿ ಹುಟ್ಟಿದ ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ 1984ರಲ್ಲಿ ಬಂತು. ನಮ್ಮ ಸೀಮೆಯದೇ ಊರು, ನಮ್ಮ ಸೀಮೆಯದೇ ಹಸಿವು. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ಈ ಪುಸ್ತಕಗಳನ್ನು ಸಾಹಿತ್ಯ ಅಂತ ಓದಿದ್ದೀರಿ. ಇನ್ನೊಮ್ಮೆ ದವಾಖಾನೆಯ ಕೇಸ್ ಪೇಪರ್ ಅಂತ ಓದಿ ನೋಡ್ರಿ, ಬೇರೆಯೇ ಕಾಣ್ತಾವ.

ಸ್ಯಾನ್ ಡಿಯಾಗೋದ ದವಾಖಾನೆ

ವೈದ್ಯಲೋಕಕ್ಕೆ ಈ ಸಂಗತಿ ಗೊತ್ತಾದದ್ದು ಬಹಳ ದೂರದ ಊರಿನಲ್ಲಿ, ಅದೂ ಅಕಸ್ಮಾತ್ತಾಗಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಆರೋಗ್ಯ ಸಂಸ್ಥೆ ಇದೆ. ಅಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ 1980ರ ದಶಕದಲ್ಲಿ ಅತಿಯಾಗಿ ದಪ್ಪ ಇರುವವರ ತೂಕ ಇಳಿಸುವ ವಿಭಾಗ ನಡೆಸುತ್ತಿದ್ದರು. ಅವರಿಗೆ ಒಂದು ಸಮಸ್ಯೆ ಕಾಡಿತು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಒಬ್ಬ ಹೆಣ್ಣುಮಗಳು 185 ಕಿಲೋದಿಂದ ಒಂದು ವರ್ಷದೊಳಗೆ 60 ಕಿಲೋಗೆ ಇಳಿದಿದ್ದಳು. ಕೆಲಸದ ಜಾಗದಲ್ಲಿ ಒಬ್ಬ ಗಂಡಸು ಕೆಟ್ಟ ಮಾತಿನಿಂದ ಕರೆದ. ಮೂರೇ ವಾರದಲ್ಲಿ ಆಕೆಯ ತೂಕ ಸರಸರ ಏರಿತು. ಕೇಳಿದಾಗ, ಸಣ್ಣವಳಿದ್ದಾಗ ಸ್ವಂತ ಅಜ್ಜನಿಂದ ಆದ ಅನ್ಯಾಯ ಹೊರಗೆ ಬಂತು.

ಫೆಲಿಟ್ಟಿ ಅಂಥ 286 ಮಂದಿಯನ್ನು ಕೂಡಿಸಿ ಮಾತಾಡಿಸಿದರು. ಬಹಳ ಜನರ ಬಾಯಲ್ಲಿ ಅದೇ ತರಹದ ಕತೆ. ಡಾಕ್ಟರರು ರೋಗ ಅಂದುಕೊಂಡಿದ್ದ ದಪ್ಪ ಮೈ ಆ ಜನಕ್ಕೆ ಕಾವಲಿನ ಗೋಡೆಯಾಗಿತ್ತು. ಯಾರ ಕಣ್ಣೂ ತಮ್ಮ ಮೇಲೆ ಬೀಳಬಾರದು ಅಂತ ಅವರು ಉಣ್ಣುತ್ತಿದ್ದರು. 1990ರಲ್ಲಿ ಅಟ್ಲಾಂಟಾದ ಸಭೆಯಲ್ಲಿ ಫೆಲಿಟ್ಟಿ ಇದನ್ನು ಹೇಳಿದಾಗ ಬಹಳ ಮಂದಿ ನಂಬಲಿಲ್ಲ. ನಂಬಿದವರೂ ಇದ್ದರು. ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ಡಾ. ರಾಬರ್ಟ್ ಆಂಡಾ ಅವರ ಜೊತೆಯಾದರು. 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಮೊದಲ ವರದಿ 1998ರಲ್ಲಿ ಪ್ರಕಟವಾಯಿತು.

ಕೇಳಿದ ಪ್ರಶ್ನೆಗಳು ಸಾದಾ. ಹದಿನೆಂಟು ವರ್ಷ ತುಂಬುವ ಮೊದಲು ಮನೆಯಲ್ಲಿ ನಿಮ್ಮನ್ನು ಹೊಡೆಯುತ್ತಿದ್ದರೇ? ಬೈದು ಹೀಯಾಳಿಸುತ್ತಿದ್ದರೇ? ಲೈಂಗಿಕ ದೌರ್ಜನ್ಯ ಆಗಿತ್ತೇ? ಊಟ, ಬಟ್ಟೆ, ಕಾಳಜಿ ಇಲ್ಲದೆ ಬೆಳೆದಿರಾ? ಪ್ರೀತಿ ಸಿಗಲಿಲ್ಲವೇ? ತಾಯಿಗೆ ಹೊಡೆಯುವುದನ್ನು ಕಂಡಿರಾ? ಮನೆಯಲ್ಲಿ ಕುಡುಕರಿದ್ದರೇ? ಮನೋರೋಗ ಇದ್ದವರು ಇದ್ದರೇ? ಯಾರಾದರೂ ಜೈಲಿಗೆ ಹೋಗಿದ್ದರೇ? ತಂದೆತಾಯಿ ಬೇರೆಯಾದರೇ? ಮೊದಲು ಏಳು ತರಹದ ಪ್ರಶ್ನೆ ಇದ್ದವು, ಆಮೇಲೆ ಹತ್ತಾದವು. ಹೌದು ಎಂದ ಪ್ರತಿಯೊಂದಕ್ಕೂ ಒಂದು ಅಂಕ.

ಬಂದ ಉತ್ತರ ನೋಡಿ ಸಂಶೋಧಕರೇ ಗಾಬರಿಯಾದರು. ಸುಮಾರು ಮೂವರಲ್ಲಿ ಇಬ್ಬರಿಗೆ ಕನಿಷ್ಠ ಒಂದು ಅಂಕ ಇತ್ತು. ಮೊದಲ ವರದಿಯ ಪ್ರಕಾರ, ಒಂದೂ ಇಲ್ಲದವರಿಗೆ ಹೋಲಿಸಿದರೆ ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಕುಡಿತದ ಚಟದ ಸಂಭವ ಸುಮಾರು 7 ಪಟ್ಟು, ಆತ್ಮಹತ್ಯೆಗೆ ಯತ್ನಿಸಿದ ಸಂಭವ ಸುಮಾರು 12 ಪಟ್ಟು, ಹೃದಯರೋಗದ ಸಂಭವ 2 ಪಟ್ಟಿಗಿಂತ ಹೆಚ್ಚು. ಕ್ಯಾನ್ಸರ್, ಶ್ವಾಸಕೋಶದ ರೋಗ ಇವೂ ಅಂಕ ಏರಿದಂತೆ ಏರುತ್ತಿದ್ದವು.

ಇನ್ನೊಂದು ಮಾತು. ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಬಿಳಿಯರು, ಮಧ್ಯಮ ವರ್ಗದವರು, ಕಾಲೇಜು ಕಲಿತವರು, ಆರೋಗ್ಯ ವಿಮೆ ಇದ್ದವರು. ಮಸೂರ ಸ್ಟೇಷನ್ನಿನ ಹುಡುಗರ ಕೈಯಲ್ಲಿ ರೊಕ್ಕ ಇದ್ದ ಹಾಗೆ, ಇವರ ಕೈಯಲ್ಲೂ ರೊಕ್ಕ ಇತ್ತು. ಎಳೆತನದ ಏಟಿನಿಂದ ರೊಕ್ಕ ಅವರನ್ನು ಉಳಿಸಲಿಲ್ಲ. ಅಂದಮ್ಯಾಲ ರೊಕ್ಕವೂ ಇಲ್ಲದ, ಹತ್ತಿರದಲ್ಲಿ ದವಾಖಾನೆಯೂ ಇಲ್ಲದ, ಮ್ಯಾಲ ಜಾತಿಯ ಹೊರೆಯೂ ಇರುವ ಮಕ್ಕಳ ಗತಿ ಏನು ಅಂತ ನೀವೇ ವಿಚಾರ ಮಾಡ್ರಿ.

ಮೈಯೊಳಗ ಏನಾಗ್ತದ?

ಹೊಲದ ಪಂಪಸೆಟ್ಟಿನ ಹೋಲಿಕೆ ತಗೋರಿ. ನೀರು ಬೇಕಾದಾಗ ಮೋಟರ ಚಾಲೂ ಮಾಡ್ತೀವಿ, ಸಾಕಾದಾಗ ಬಂದ್ ಮಾಡ್ತೀವಿ. ಹಗಲೂ ರಾತ್ರಿ ಬಿಟ್ಟರೆ ಕಾಯಿಲ್ ಸುಡ್ತದ. ನಮ್ಮ ಮೈಯಲ್ಲೂ ಅಂಥ ಒಂದು ಏರ್ಪಾಡು ಐತಿ. ಹೆದರಿಕೆ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತದೊತ್ತಡ ಏರುತ್ತದೆ, ಓಡಲು ಬೇಕಾದ ಸಕ್ಕರೆ ರಕ್ತಕ್ಕೆ ಬರುತ್ತದೆ. ನಾಯಿ ಬೆನ್ನು ಹತ್ತಿದಾಗ ಇದು ಬೇಕು. ನಾಯಿ ಹೋದ ಮೇಲೆ ಎಲ್ಲ ಇಳಿಯುತ್ತದೆ.

ಹೆದರಿಕೆ ಮನೆಯೊಳಗೇ ಇದ್ದರೆ? ದಿನಾ ಸಂಜೆ ಕುಡಿದು ಬರುವ ಅಪ್ಪನ ಹೆಜ್ಜೆ ಸದ್ದಿಗೆ ಕೂಸು ಕಿವಿಗೊಟ್ಟು ಮಲಗಿದ್ದರೆ? ದಿನಾ ಮುಂಜಾನೆ ಸಾಲಿಯಲ್ಲಿ ಜಾತಿ ಎತ್ತಿ ಆಡಿಕೊಳ್ಳುವವರು ಕಾಯುತ್ತಿದ್ದರೆ? ಆಗ ಮೋಟರ ಬಂದ್ ಆಗೋದೇ ಇಲ್ಲ. ಬೆಳೆಯುವ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಹೀಗೆ ಮೈ ತನ್ನನ್ನು ತಾನೇ ಸವೆಸಿಕೊಳ್ಳುವುದನ್ನು ಬ್ರೂಸ್ ಮ್ಯಾಕ್‌ಯುವೆನ್ ಎಂಬ ವಿಜ್ಞಾನಿ 1993ರಲ್ಲಿ ಎಲಿಯಟ್ ಸ್ಟೆಲ್ಲರ್ ಜೊತೆ ಬರೆದ ಲೇಖನದಲ್ಲಿ ವಿವರಿಸಿದರು. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಣ್ಣಂದಿನಿಂದ ಗಮನಿಸುತ್ತ ಬಂದಿದ್ದಾರೆ. ಎಳೆತನದಲ್ಲಿ ದೌರ್ಜನ್ಯ ಕಂಡವರ ರಕ್ತದಲ್ಲಿ, 32ನೇ ವಯಸ್ಸಿನಲ್ಲೂ ಉರಿಯೂತದ ಗುರುತು ಹೆಚ್ಚಾಗಿ ಕಂಡಿತು. ಈ ಒಳಗಿನ ಉರಿಯೇ ಮುಂದೆ ಹೃದಯ, ರಕ್ತನಾಳಗಳನ್ನು ಕೆಡಿಸುತ್ತದೆ.

ಇದು ಒಂದು ದಾರಿ. ಎರಡನೆಯ ದಾರಿ ನಮಗೆ ದಿನಾ ಕಾಣುವಂಥದು. ತಂಬಾಕು, ದಾರು, ಗುಟಖಾ ಆ ಹೊತ್ತಿಗೆ ಮನಸ್ಸಿನ ಉರಿ ತಣಿಸುತ್ತವೆ. ನಾವು ಚಟ ಅನ್ನುವುದು ಅವರಿಗೆ ಔಷಧ. ಔಷಧವೇ ಆಮೇಲೆ ವಿಷ ಆಗ್ತದ. “ಯಾಕ ಕುಡೀತಿ?” ಅಂತ ಗದರಿಸೋ ಮೊದಲು “ನಿನಗ ಏನಾಗಿತ್ತಪಾ?” ಅಂತ ಕೇಳಬೇಕು ಅನ್ನುವುದು ಫೆಲಿಟ್ಟಿಯವರ ಕೆಲಸದಿಂದ ನಾವು ಕಲಿಯಬೇಕಾದ ಪಾಠ.

ಹತ್ತು ಪ್ರಶ್ನೆಯೊಳಗ ಇಲ್ಲದ್ದು

ಆ ಹತ್ತು ಪ್ರಶ್ನೆಗಳನ್ನು ಮತ್ತೊಮ್ಮೆ ಓದ್ರಿ. ಎಲ್ಲವೂ ಮನೆಯೊಳಗಿನವು. ಮನೆಯಲ್ಲಿ ಒಳ್ಳೆ ಅಪ್ಪ, ಪ್ರೀತಿಯ ಅತ್ತಿ, ಹೊಟ್ಟೆತುಂಬ ಊಟ ಇದ್ದ ಒಂಬತ್ತು ವರ್ಷದ ಭೀಮರಾವನನ್ನು ಈ ಪ್ರಶ್ನೆ ಕೇಳಿದ್ದರೆ ಮಸೂರ ಸ್ಟೇಷನ್ನು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 2012–13ರಲ್ಲಿ 1,784 ಜನರನ್ನು ಕೇಳುವಾಗ ಈ ಕೊರತೆ ತುಂಬಲು ನೋಡಿದರು. ವರ್ಣಭೇದದ ಅವಮಾನ, ಓಣಿಯಲ್ಲಿ ಕಂಡ ಹಿಂಸೆ, ಜೊತೆಯವರ ಪೀಡೆ ಇಂಥವನ್ನೂ ಸೇರಿಸಿದರು. ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಬಾಬಾಸಾಹೇಬರು ಆಗಲೇ ಬರೆದಿಟ್ಟಿದ್ದಾರೆ: ಸಣ್ಣವನಿದ್ದಾಗ ನಿನಗೆ ನೀರು ಕೊಡಲು ಯಾರಾದರೂ ಒಲ್ಲೆ ಅಂದಿದ್ದರೇ? ತರಗತಿಯಲ್ಲಿ ಎಲ್ಲಿ ಕೂತಿದ್ದೆ?

ಹಾಗಂತ ಎಲ್ಲವನ್ನೂ ಊರವರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಬರೋದಿಲ್ಲ. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ವರದಿ ಕೊಟ್ಟಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. ಅರ್ಧಕ್ಕಿಂತ ಹೆಚ್ಚು ಮಕ್ಕಳು, ಅಂದರೆ 53.22 ಶೇಕಡಾ, ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದವರು, ಗಂಡುಮಕ್ಕಳೂ ಸೇರಿ. ಇದು ಎಲ್ಲ ಜಾತಿಯ ಮನೆಗಳ ಸಂಗತಿ. ನಮ್ಮ ಮನೆಗಳೂ ಅದರಲ್ಲಿ ಬಂದವು. ಹೊರಗೆ ಅವಮಾನ ನುಂಗಿ ಬಂದ ಅಪ್ಪ ಅದನ್ನು ಒಳಗೆ ಹೆಂಡತಿ ಮಕ್ಕಳ ಮೇಲೆ ಇಳಿಸ್ತಾನ. ಆ ಮಗ ಮುಂದೆ ಅಪ್ಪ ಆಗ್ತಾನ. ಹಿಂಗ ಒಂದು ಪೀಳಿಗೆಯ ಗಾಯ ಇನ್ನೊಂದು ಪೀಳಿಗೆಗೆ ದಾಟ್ತದ.

ಇದು ಹಣೆಬರಹ ಅಲ್ಲ

ಇಷ್ಟು ಓದಿ ಎದೆಗುಂದಬ್ಯಾಡ್ರಿ. ಅಂಕ ಹೆಚ್ಚಿದ್ದವರೆಲ್ಲ ರೋಗಿಗಳಾಗೋದಿಲ್ಲ. ಸಾವಿರಾರು ಜನರ ಲೆಕ್ಕದಲ್ಲಿ ಕಂಡ ಸತ್ಯವನ್ನು ಒಬ್ಬ ಮನುಷ್ಯನ ಜಾತಕ ಮಾಡಬಾರದು ಎಂದು ರಾಬರ್ಟ್ ಆಂಡಾ ಅವರೇ 2020ರಲ್ಲಿ ಎಚ್ಚರಿಸಿದರು. ಬಾಬಾಸಾಹೇಬರಿಗೆ ಸಕ್ಕರೆ ರೋಗ ಇತ್ತು. ಅದು ಆ ಒಂದು ರಾತ್ರಿಯಿಂದಲೇ ಬಂತು ಅಂತ ಹೇಳಿದರೆ ಅದು ವಿಜ್ಞಾನ ಆಗೋದಿಲ್ಲ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬ ಸಂಶೋಧಕಿ ಹತ್ತಾರು ವರ್ಷ ಗಮನಿಸಿದರು. ಅವರಲ್ಲಿ ಬಹಳ ಮಕ್ಕಳು ಕಬ್ಬಿನ ತೋಟದ ಕೂಲಿಕಾರರ ಮಕ್ಕಳು. ಬಡತನ, ಜಗಳ, ಕುಡಿತ ಎಲ್ಲ ಕಂಡು ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಗಟ್ಟಿಯಾಗಿ, ನೆಟ್ಟಗೆ ಬೆಳೆದರು. ಅಂಥ ಮಕ್ಕಳಿಗೆ ನೆಚ್ಚಿಕೊಳ್ಳಲು ಕನಿಷ್ಠ ಒಬ್ಬ ದೊಡ್ಡವರಿದ್ದರು. ಅವರು ಅಜ್ಜಿ ಇರಬಹುದು, ಮಾಸ್ತರ ಇರಬಹುದು, ನೆರೆಮನೆಯವರು ಇರಬಹುದು. ರುಮೇನಿಯಾದ ಅನಾಥಾಲಯಗಳಲ್ಲಿ ಎತ್ತಿಕೊಳ್ಳುವ ಕೈಯಿಲ್ಲದೆ ಬೆಳೆಯುತ್ತಿದ್ದ ಕೂಸುಗಳ ಮೇಲೆ 2000ದಲ್ಲಿ ಒಂದು ಅಧ್ಯಯನ ಶುರುವಾಯಿತು. 136 ಮಕ್ಕಳಲ್ಲಿ ಅರ್ಧ ಮಕ್ಕಳನ್ನು ಸಾಕುವ ಮನೆಗಳಿಗೆ ಕೊಟ್ಟರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದ ಮಕ್ಕಳು ಹೆಚ್ಚು ಚೇತರಿಸಿಕೊಂಡರು.

ಭೀಮರಾವನಿಗೂ ಅಂಥ ಕೈಗಳಿದ್ದವು. ಮದುವೆಯಾದ ಹೆಣ್ಣುಮಕ್ಕಳ ಒಡವೆ ಒತ್ತೆಯಿಟ್ಟು ಪುಸ್ತಕ ತಂದುಕೊಟ್ಟ ಅಪ್ಪ ಇದ್ದರು. ತಾಯಿ ಇಲ್ಲದ ಮನೆಯಲ್ಲಿ ಅತ್ತೆ ಇದ್ದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧ ಚರಿತ್ರೆಯನ್ನು ಕೈಗಿತ್ತ ಕೇಳುಸ್ಕರ ಗುರುಗಳಿದ್ದರು. ನೀರು ಸಿಗದ ಆ ಹುಡುಗ 1927ರ ಮಾರ್ಚ್ 20ರಂದು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಮಹಾಡದ ಚವದಾರ ಕೆರೆಯ ನೀರು ಕುಡಿದ.

ನಾವು ಮಾಡಬೇಕಾದದ್ದು

ನಮ್ಮ ಹುಡುಗರಿಗೆ ಮನಿಯಾಗ ಕನ್ನಡ, ಸಾಲ್ಯಾಗ ಮರಾಠಿ. ಭಾಷೆಗೂ ನಗ್ತಾರ, ಜಾತಿಗೂ ನಗ್ತಾರ. ಕಬ್ಬು ಕಡಿಯಾಕ ಹೋದವರ ಮಕ್ಕಳು ಅರ್ಧ ವರ್ಷ ಸಾಲಿ ಬಿಟ್ಟು ಕೊಪ್ಪಿಯೊಳಗ ಇರ್ತಾವ. ಇವರಿಗೆ ನೆಚ್ಚಿಕೊಳ್ಳುವ ಆ ಒಬ್ಬ ದೊಡ್ಡವರು ನಮ್ಮ ಸಂಘದೊಳಗಿನಿಂದ ಬರಬೇಕು. ಸಂಘದ ಅಭ್ಯಾಸಿಕೆಯಲ್ಲಿ ಯಾವ ಕೂಸಿನ ಮೈಮೇಲೂ ಕೈ ಏಳಬಾರದು. ದಿನಾ ಬರುವ ಕೂಸು ಎರಡು ದಿನ ಬರದಿದ್ದರೆ ಮನೆಗೆ ಹೋಗಿ ವಿಚಾರಿಸಬೇಕು.

ಕಾಯ್ದೆಗಳನ್ನೂ ತಿಳ್ಕೋರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಸಾಲಿಯಲ್ಲಿ ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡೂ ನಿಷೇಧ. ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಜಾತಿ ದೌರ್ಜನ್ಯಕ್ಕೆ 1989ರ ಕಾಯ್ದೆ ಇದೆ. ತೊಂದರೆಯಲ್ಲಿರುವ ಮಗುವಿಗಾಗಿ ಯಾರು ಬೇಕಾದರೂ 1098 ನಂಬರಿಗೆ ಫೋನ್ ಮಾಡಬಹುದು, ರೊಕ್ಕ ಬೀಳೋದಿಲ್ಲ. “ಮನಿ ಮಾನ ಹೋಗ್ತದ” ಅಂತ ಮುಚ್ಚಿಟ್ಟರೆ ಉಳಿಯೋದು ತಪ್ಪು ಮಾಡಿದವನ ಮಾನ ಅಷ್ಟೇ.

ದೊಡ್ಡವರಿಗೂ ಒಂದು ಮಾತು. ಬಿಪಿ, ಶುಗರ್ ಗುಳಿಗಿ ತಪ್ಪಿಸಬ್ಯಾಡ್ರಿ. ರಾತ್ರಿ ನಿದ್ದಿ ಹತ್ತದಿದ್ದರೆ, ಸುಮ್ಮಸುಮ್ಮನೆ ಎದೆ ಡವಗುಟ್ಟಿದರೆ, ಕುಡಿತ ಬಿಡಲಾಗದಿದ್ದರೆ ಅದನ್ನೂ ಡಾಕ್ಟರ ಮುಂದ ಹೇಳ್ರಿ. ಮನಸ್ಸಿನ ಡಾಕ್ಟರ ಹತ್ರ ಹೋದವರಿಗೆಲ್ಲ ಹುಚ್ಚು ಅನ್ನುವ ಮಾತು ನಮ್ಮ ಕೇರಿಯಿಂದ ಹೋಗಬೇಕು.

ಕಡೆಗೆ ಯುವಕರಿಗೆ ಒಂದು ಕೆಲಸ. ಈ ಸಂಚಿಕೆ ಮನೆಗೆ ಒಯ್ದು ನಿಮ್ಮ ಅಜ್ಜ, ಅಮ್ಮ, ಅಪ್ಪ, ಅವ್ವ ಇವರ ಹತ್ತಿರ ಕೂಡ್ರಿ. ಅವರು ಒಂಬತ್ತು ವರ್ಷದವರಿದ್ದಾಗ ಏನು ಉಂಡರು, ಯಾರಿಗೆ ಹೆದರಿದರು, ಸಾಲಿಯಲ್ಲಿ ಎಲ್ಲಿ ಕೂತರು, ಯಾರು ಅವರ ಕೈ ಹಿಡಿದರು ಅಂತ ಕೇಳ್ರಿ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಬ್ಯಾಡ. ಹೇಳಿದರೆ ಅವರ ಒಪ್ಪಿಗೆ ತಗೊಂಡು ಬರೆದಿಡ್ರಿ, ಮುಂದಿನ ವರ್ಷದ ಸಂಚಿಕೆಗೆ ಕೊಡ್ರಿ.

ಜೈಭೀಮ.